ನಂದಗಡದ ಪೇಟೆಯೂ ವಿಯೆನ್ನಾದ ಕಾಫಿಮನೆಯೂ

ಊರಿನ ಇತಿಹಾಸವನ್ನು ಬರೆಯತೊಡಗಿದವರು ಮೊದಲು ಅದರ ಕೋಟೆಯನ್ನು ಅಳೆಯುವರು. ಅನಂತರ ಗುಡಿಯ ಮುಂದಿನ ಶಾಸನವನ್ನು ಓದುವರು. ಕಡೆಗೆ ಅದನ್ನಾಳಿದವರ ಹೆಸರುಗಳನ್ನು ಸಾಲಾಗಿ ಬರೆದು ಲೇಖನಿಯನ್ನು ಕೆಳಗಿಡುವರು. ಆ ಊರಿಗೆ ಹೊರಗಿನಿಂದ ಬಂದವನೊಬ್ಬನು ಹಸಿದಾಗ ಎಲ್ಲಿ ಉಂಡನು, ಬಾಯಾರಿದಾಗ ಏನನ್ನು ಕುಡಿದನು, ಉಣ್ಣುವಾಗ ಅವನ ಮಗ್ಗುಲಲ್ಲಿ ಯಾರು ಕುಳಿತಿದ್ದರು ಎಂಬದನ್ನು ಮಾತ್ರ ಯಾರೂ ಕೇಳುವದಿಲ್ಲ. ಇದು ಸಣ್ಣ ಮಾತೆಂದು ಹಲವರು ಭಾವಿಸಿರುವರು. ನಮಗೆ ಹಾಗೆ ತೋರುವದಿಲ್ಲ. ರಾಜರು ಯಾರೇ ಇರಲಿ, ದಿನಕ್ಕೆ ಎರಡು ಹೊತ್ತು ಹಸಿವೆಯಾಗುವದಂತೂ ತಪ್ಪದು. ಆ ಎರಡು ಹೊತ್ತಿನಲ್ಲಿ ಒಬ್ಬನು ಇನ್ನೊಬ್ಬನನ್ನು ಹೇಗೆ ಕಂಡನೆಂಬದರಲ್ಲಿ ಆ ನಾಡಿನ ಬಹುಭಾಗ ಇತಿಹಾಸವು ಅಡಗಿರುವದು. ಈ ವಿಚಾರಕ್ಕೆ ನಮ್ಮ ಜಿಲ್ಲೆಯ ನಂದಗಡವನ್ನೂ, ಕಾಫಿಮನೆಗಳಿಂದಲೇ ಜಗತ್ತಿನಲ್ಲಿ ಹೆಸರಾದ ಆಸ್ಟ್ರಿಯಾದ ವಿಯೆನ್ನಾ ಪಟ್ಟಣವನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ನಮ್ಮ ಇಚ್ಛೆ. ಹೋಲಿಕೆಯು ಅತಿಯಾಯಿತೆಂದು ವಾಚಕರು ನಗಬಹುದು. ಕೊಂಚ ತಾಳ್ಮೆಯಿಂದ ಓದಬೇಕೆಂದು ಅರಿಕೆ.

ನಂದಗಡವೆಂದೊಡನೆ ಕನ್ನಡಿಗರ ಕಣ್ಣ ಮುಂದೆ ನಿಲ್ಲುವದು ಸಂಗೊಳ್ಳಿ ರಾಯಣ್ಣನ ಸಮಾಧಿ. ೧೮೩೧ನೆಯ ಇಸವಿಯ ಜನವರಿ ೨೬ರಂದು ಇಂಗ್ಲಿಷರು ಆ ವೀರನನ್ನು ಇಲ್ಲಿಯೇ ಗಲ್ಲಿಗೆ ಹಾಕಿದರು. ಆ ಸಮಾಧಿಗೆ ಕೈಮುಗಿದು ಹಿಂದಿರುಗುವವರಲ್ಲಿ ಎಷ್ಟೋ ಮಂದಿಗೆ ಈ ಊರು ಅದಕ್ಕಿಂತ ಮೊದಲೇ ದೊಡ್ಡ ಪೇಟೆಯಾಗಿದ್ದಿತೆಂಬ ಸಂಗತಿಯು ತಿಳಿದಿರುವದಿಲ್ಲ. ಕಿತ್ತೂರಿನ ಮಲ್ಲಸರ್ಜ ದೇಸಾಯಿಯು ೧೮೦೯ರಲ್ಲಿ ಊರ ಮೇಲಣ ದಿನ್ನೆಯಲ್ಲಿ ಪ್ರತಾಪಗಡವೆಂಬ ಕೋಟೆಯನ್ನು ಕಟ್ಟಿಸಿದನು. ಕಾಡಿನ ಸೆರಗಿನಲ್ಲಿರುವ ಊರಿಗೆ ಕೋಟೆಯ ಕಾವಲು ಯಾತಕ್ಕೆ ಬೇಕಾಯಿತೆಂದರೆ, ಗೋವೆಯಿಂದ ಘಟ್ಟವನ್ನೇರಿ ಬಂದ ಸರಕು ಇಲ್ಲಿ ಬಂದು ಇಳಿಯುತ್ತಿತ್ತು. ಉಪ್ಪು, ತೆಂಗಿನಕಾಯಿ, ಕೊಬ್ಬರಿ ಎಣ್ಣೆ, ಅಡಿಕೆ, ಖರ್ಜೂರ, ಮಸಾಲೆ ಸಾಮಾನುಗಳು ಕೆಳಗಿನಿಂದ ಬರುವವು. ಬಯಲುಸೀಮೆಯ ಗೋದಿ ಮೊದಲಾದ ಕಾಳುಗಳು ಮೇಲಿನಿಂದ ಹೋಗುವವು. ಬೆಳಗಾವಿ ಸೀಮೆಯ ಎಷ್ಟೋ ಮನೆಗಳ ಸಾರಿಗೆ ಬಿದ್ದ ಉಪ್ಪು ಪೋರ್ತುಗೀಜರ ರಾಜ್ಯದ ಸಮುದ್ರದಿಂದ ಎತ್ತಿನ ಬೆನ್ನಿನ ಮೇಲೆ ಹೀಗೆ ಬಂದದ್ದು. ಎರಡು ರಾಜ್ಯ, ಎರಡು ಹವೆ, ಮೂರು ನಾಲ್ಕು ಭಾಷೆ ಕೂಡುವ ಸ್ಥಳವದು. ಕನ್ನಡ, ಮರಾಠಿ, ಕೊಂಕಣಿ, ಉರ್ದು ಎಲ್ಲವೂ ಒಂದೇ ಬಜಾರಿನಲ್ಲಿ ಕೇಳಿಸುವದು.

ಇಷ್ಟು ಜನರು ಎಲ್ಲಿ ಉಣ್ಣುತ್ತಿದ್ದರು? ಉತ್ತರವು ಒಂದೇ ಶಬ್ದದಲ್ಲಿದೆ: ಬುತ್ತಿ. ಮನೆಯಿಂದ ಹೊರಟವನು ರೊಟ್ಟಿ, ಹಿಂಡಿ, ಉಳ್ಳಾಗಡ್ಡಿಗಳನ್ನು ಅರಿವೆಯಲ್ಲಿ ಕಟ್ಟಿಕೊಂಡು ಹೊರಡುವನು. ಬುತ್ತಿ ತೀರಿದ ಮೇಲೆ ಕೆರೆಯ ದಂಡೆಯಲ್ಲಿ ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಳ್ಳುವನು. ಬುತ್ತಿಯ ಗುಣವನ್ನು ನಮ್ಮ ಜನ ಬಹಳ ಹೊಗಳಿರುವರು. ಅದು ಯೋಗ್ಯವೇ ಸರಿ. ಆದರೆ ಬುತ್ತಿಯೆಂದರೆ ರೊಟ್ಟಿಯ ಗಂಟು ಹೇಗೋ ಹಾಗೆ ಜಾತಿಯ ಗಂಟೂ ಅಹುದು. ಒಬ್ಬೊಬ್ಬನು ಒಂದೊಂದು ಮರದ ಕೆಳಗೆ ಬೆನ್ನು ತಿರುಗಿಸಿ ಕುಳಿತು ಬಿಚ್ಚತಕ್ಕ ಗಂಟದು. ಹಗಲೆಲ್ಲ ಒಂದೇ ತಕ್ಕಡಿಯ ಎರಡು ಕಡೆಗೆ ನಿಂತು ವ್ಯಾಪಾರ ಮಾಡಿದವರು ಊಟದ ಹೊತ್ತಿಗೆ ಅಪರಿಚಿತರಾಗುವರು. ಬುತ್ತಿಯಿಲ್ಲದವನಿಗೆ ಮಠದ ದಾಸೋಹವಿದ್ದಿತು. ಅನ್ನವನ್ನು ದೇವರ ಸೇವೆಯೆಂದು ಹಂಚುವ ಶರಣರ ಆ ಪದ್ಧತಿಗೆ ಈ ನಾಡಿನಲ್ಲಿ ಎಂಟು ನೂರು ವರ್ಷಗಳ ಮೇಲಣ ಪರಂಪರೆಯಿದೆ. ಓದುವ ಬ್ರಾಹ್ಮಣ ಹುಡುಗರಿಗೆ ವಾರಾನ್ನವಿದ್ದಿತು. ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ. ಇವೆರಡೂ ದೊಡ್ಡ ಧರ್ಮಗಳೇ. ಆದರೂ ಇವುಗಳಲ್ಲಿ ಉಣ್ಣುವವನು ಅತಿಥಿಯಾಗಿ ಅಥವಾ ಯಾಚಕನಾಗಿ ಉಣ್ಣುವನು. ಕಾಸು ಕೊಟ್ಟು, ಯಾರ ಋಣವೂ ಇಲ್ಲದೆ, ತಾನು ಯಾರೆಂದು ಹೇಳದೆ ಉಣ್ಣುವ ಸ್ಥಳವು ಹಳೆಯ ನಂದಗಡದಲ್ಲಿ ಎಲ್ಲಿ ಇರಬೇಕು?

ಅಂಥ ಸ್ಥಳವೊಂದು ಯುರೋಪಿನಲ್ಲಿ ಹೇಗೆ ಹುಟ್ಟಿತೆಂಬದನ್ನು ನೋಡಲು ವಿಯೆನ್ನಾಕ್ಕೆ ಹೋಗಬೇಕು. ನಂದಗಡವು ಘಟ್ಟದ ಅಂಚಿನಲ್ಲಿದ್ದಂತೆ ವಿಯೆನ್ನಾ ಆಗ ಕ್ರೈಸ್ತ ರಾಜ್ಯಗಳ ಅಂಚಿನಲ್ಲಿದ್ದಿತು. ಅದರಾಚೆಗೆ ತುರ್ಕರ ಸಾಮ್ರಾಜ್ಯ. ೧೬೮೩ರಲ್ಲಿ ಕಾರಾ ಮುಸ್ತಫಾನ ದಂಡು ಬಂದು ಆ ಪಟ್ಟಣವನ್ನು ಮುತ್ತಿತು. ಪೋಲೆಂಡಿನ ಅರಸನಾದ ಸೋಬಿಯೆಸ್ಕಿಯೂ ಜರ್ಮನ್ ಅರಸರೂ ಬಂದು ತುರ್ಕರನ್ನು ಓಡಿಸಿದರು. ಓಡಿದವರ ಡೇರೆಗಳಲ್ಲಿ ಕರಿ ಬೀಜಗಳ ಚೀಲಗಳು ಸಿಕ್ಕವು. ಒಂಟೆಯ ಮೇವೆಂದು ತಿಳಿದು ಸುಡಹೊರಟಾಗ ಕೊಲ್ಶಿಟ್ಸ್ಕಿಯೆಂಬ ಬೇಹುಗಾರನು ಅವನ್ನು ಬೇಡಿ ಪಡೆದು ಮೊದಲನೆಯ ಕಾಫಿಮನೆಯನ್ನು ತೆರೆದನು ಎಂದು ಕಥೆ. ಕಥೆಯು ರಮ್ಯವಾಗಿದೆ. ಅವನ ಹೆಸರಿನ ಬೀದಿಯೂ ಪ್ರತಿಮೆಯೂ ಅಲ್ಲಿವೆ. ಆದರೆ ಕಾಗದಪತ್ರಗಳು ಹೇಳುವದು ಬೇರೆ: ೧೬೮೫ರ ಜನವರಿಯಲ್ಲಿ ಕಾಫಿಯನ್ನು ಮಾರುವ ಸನ್ನದು ದೊರೆತದ್ದು ಯೋಹಾನೆಸ್ ದಿಯೊದಾತೋ ಎಂಬ ಆರ್ಮೇನಿಯನ್ ವರ್ತಕನಿಗೆ. ಗೆದ್ದ ವೀರನು ತಂದನೆಂದು ಜನರು ಹೇಳಬಯಸುವದನ್ನು ಬಹುಮಟ್ಟಿಗೆ ವ್ಯಾಪಾರಿಯೇ ತಂದಿರುವನು. ಇದು ಎಲ್ಲ ಊರುಗಳ ಕಥೆ.

ಆ ಕಾಫಿಮನೆಯ ವೈಶಿಷ್ಟ್ಯವು ಕಾಫಿಯಲ್ಲಿ ಇಲ್ಲ, ಕುರ್ಚಿಯಲ್ಲಿ ಇರುವದು. ಒಂದು ಬಟ್ಟಲು ಕಾಫಿಗೆ ದುಡ್ಡು ಕೊಟ್ಟವನು ಅಮೃತಶಿಲೆಯ ಮೇಜಿನ ಮುಂದೆ ಮುಂಜಾನೆಯಿಂದ ಸಂಜೆಯವರೆಗೆ ಕುಳಿತರೂ ಏಳೆನ್ನುವವರಿಲ್ಲ. ಬಟ್ಟಲಿನೊಡನೆ ಒಂದು ಲೋಟ ನೀರನ್ನು ತಂದಿಡುವರು. ಬೆತ್ತದ ಚೌಕಟ್ಟಿಗೆ ಸಿಕ್ಕಿಸಿದ ವೃತ್ತಪತ್ರಗಳನ್ನು ಬೇಕಾದಷ್ಟು ಓದಬಹುದು. ೧೮೭೬ರಲ್ಲಿ ತೆರೆದ ‘ಸೆಂಟ್ರಲ್’ ಎಂಬ ಕಾಫಿಮನೆಯಲ್ಲಿ ಪೀಟರ್ ಆಲ್ಟೆನ್‌ಬರ್ಗ್ ಎಂಬ ಲೇಖಕನು ತನ್ನ ಟಪಾಲನ್ನು ಅಲ್ಲಿಗೇ ತರಿಸಿಕೊಳ್ಳುತ್ತಿದ್ದನು. ರಶಿಯಾದಿಂದ ದೇಶಭ್ರಷ್ಟನಾಗಿ ಬಂದಿದ್ದ ತ್ರಾಟ್ಸ್ಕಿಯು ಅಲ್ಲಿಯೇ ಚದುರಂಗವಾಡುತ್ತಿದ್ದನು. ಸ್ಟೆಫಾನ್ ತ್ಸ್ವೈಗನು ತನ್ನ ಆತ್ಮಕಥನದಲ್ಲಿ ಇದನ್ನು ಒಂದು ಬಟ್ಟಲಿನ ಬೆಲೆಗೆ ಎಲ್ಲರಿಗೂ ತೆರೆದ ಪ್ರಜಾಸತ್ತೆಯ ಕೂಟವೆಂಬ ಅರ್ಥದಲ್ಲಿ ಬಣ್ಣಿಸಿರುವನು. ಆ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಕಡೆಗೆ ಮತ್ತೆ ಬರತಕ್ಕದ್ದಿದೆ.

ಈಗ ನಮ್ಮ ಕಾಫಿಯ ಕಡೆಗೆ ತಿರುಗೋಣ. ವಿಯೆನ್ನಾ ಕಾಫಿಯನ್ನು ಕಾಣುವ ಮೊದಲೇ ಹಿಂದುಸ್ಥಾನವು ಅದನ್ನು ಕಂಡಿದ್ದಿತು. ಜಹಾಂಗೀರನ ದರಬಾರಿಗೆ ಬಂದಿದ್ದ ಸರ್ ಥಾಮಸ್ ರೋ ಎಂಬ ರಾಯಭಾರಿಯ ಪಾದ್ರಿಯಾದ ಎಡ್ವರ್ಡ್ ಟೆರ್ರಿಯು, ಮದ್ಯವನ್ನು ಮುಟ್ಟದ ಧರ್ಮನಿಷ್ಠರು ಇಲ್ಲಿ ಕಾಫಿಯನ್ನು ಕುಡಿಯುವದನ್ನು ಕಂಡು ಬರೆದಿರುವನು. ಬೆಳೆಯ ವಿಷಯಕ್ಕೆ ಬಂದರೆ, ಬಾಬಾ ಬುಡನ್ ಎಂಬ ಫಕೀರನು ಹದಿನೇಳನೆಯ ಶತಕದಲ್ಲಿ ಮಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಯೆಮನ್ ದೇಶದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದನೆಂದು ಪ್ರತೀತಿ. ಎರಡು ಶತಕಗಳು ಕಳೆಯುವದರೊಳಗೆ ಮೈಸೂರು, ಕೊಡಗುಗಳ ಬೆಟ್ಟಗಳಲ್ಲಿ ಇಂಗ್ಲಿಷರ ತೋಟಗಳೆದ್ದವು. ಅಲ್ಲಿಯ ಬೆಳೆಯು ಘಟ್ಟವಿಳಿದು ಮಂಗಳೂರು ಮೊದಲಾದ ಬಂದರುಗಳಲ್ಲಿ ಹಸನಾಗಿ, ಹಡಗನ್ನೇರಿ ಯುರೋಪಿಗೆ ಹೋಗುತ್ತಿತ್ತು. ಚಿಕ್ಕಮಗಳೂರಿನ ಕಾಫಿಯು ಲಂಡನ್ನಿನ ಹರಾಜಿನಲ್ಲಿ ಕೂಗಿಸಿಕೊಳ್ಳುತ್ತಿದ್ದ ಕಾಲಕ್ಕೆ, ಅದೇ ಸಹ್ಯಾದ್ರಿಯ ಮಗ್ಗುಲಲ್ಲಿರುವ ನಂದಗಡದ ಒಕ್ಕಲಿಗನು ಮಜ್ಜಿಗೆಯನ್ನೂ ಅಂಬಲಿಯನ್ನೂ ಕುಡಿಯುತ್ತಿದ್ದನು. ಬೆಳೆದ ನಾಡಿಗಿಂತ ಕೊಂಡ ನಾಡಿಗೆ ಅದರ ರುಚಿಯು ಮೊದಲು ಹತ್ತಿತು.

ನಮ್ಮ ಸೀಮೆಗೆ ಹೊಸ ಪಾನೀಯವು ಬಂದದ್ದು ರೇಲ್ವೆಯ ಹಾದಿಯಿಂದ. ೧೮೮೦ರ ದಶಕದ ಕೊನೆಗೆ ಸದರ್ನ್ ಮರಾಠಾ ರೇಲ್ವೆಯು ಬೆಳಗಾವಿ, ಖಾನಾಪುರ, ಲೋಂಡಾಗಳನ್ನು ಕೂಡಿಸಿತು. ಲೋಂಡಾದಿಂದ ಗೋವೆಯ ಮುರ್ಮುಗೋವೆ ಬಂದರಕ್ಕೆ ಕಬ್ಬಿಣದ ಹಾದಿಯಾಯಿತು. ನಂದಗಡವು ಆ ಹಾದಿಯ ಮೇಲಿಲ್ಲ. ಎತ್ತಿನ ಬೆನ್ನಿನ ಉಪ್ಪು ಬಂಡಿಯೊಳಗೆ ಕುಳಿತು ನಂದಗಡವನ್ನು ಬಿಟ್ಟು ಹೋಗತೊಡಗಿತು. ಯಾವ ದಂಡಿನಿಂದಲೂ ಆಗದ ಹಾನಿಯನ್ನು ಒಂದು ನಿಲ್ದಾಣದ ಅಭಾವವು ಮಾಡಬಲ್ಲದು. ರೇಲಿನೊಡನೆ ಮುಂಬಯಿಯ ಕಡೆಯಿಂದ ಚಹ ಬಂದಿತು. ನಮ್ಮ ಜಿಲ್ಲೆಯು ಆಗ ಮುಂಬಯಿ ಇಲಾಖೆಯಲ್ಲಿದ್ದಿತು. ಕಚೇರಿಯ ಕಾಗದದಂತೆ ಪಾನೀಯವೂ ಅಲ್ಲಿಂದಲೇ ಬರುವದು ಸಹಜ. ಇದರ ಹಿಂದೆ ದೊಡ್ಡ ವ್ಯಾಪಾರವೂ ಇದ್ದಿತು. ೧೯೦೩ರ ಕಾಯಿದೆಯಿಂದ ಚಹದ ಮೇಲೆ ಒಂದು ಕರವನ್ನು ಹಾಕಿ, ಅದರ ಹಣದಿಂದ ಚಹದ ಪ್ರಚಾರವನ್ನು ಮಾಡತೊಡಗಿದರು. ೧೯೩೦ರ ದಶಕದಲ್ಲಿ ಪರದೇಶದ ಬೆಲೆಗಳು ಕುಸಿದಾಗ ಆ ಪ್ರಚಾರವು ನಿಲ್ದಾಣ, ಸಂತೆ, ಜಾತ್ರೆಗಳಿಗೆಲ್ಲ ಹಬ್ಬಿತು. ಚಹ ಮಾಡುವ ರೀತಿಯನ್ನು ತೋರಿಸಿ ಬಟ್ಟಲುಗಳನ್ನು ಪುಕ್ಕಟೆ ಹಂಚಿದರು. ಕಾಫಿಯವರೂ ಇದನ್ನೇ ಮಾಡಿದರು: ೧೯೩೫ರಲ್ಲಿ ಕಾಫಿಯ ಮೇಲೆ ಕರ ಬಂದಿತು, ಅದರ ಸಮಿತಿಯು ೧೯೩೬ರಲ್ಲಿ ಮುಂಬಯಿಯಲ್ಲಿ ಮೊದಲನೆಯ ‘ಇಂಡಿಯಾ ಕಾಫಿ ಹೌಸ್’ ತೆರೆಯಿತು. ಹೊರಗೆ ಮಾರಾಟವಾಗದೆ ಉಳಿದ ಮಾಲೇ ಈ ದೇಶದ ಜನರ ಬಟ್ಟಲಿಗೆ ಬಂದಿತೆಂದರೆ ತಪ್ಪಾಗದು. ಆ ಕಾಫಿಮನೆಗಳನ್ನು ಮಂಡಳಿಯು ಮುಚ್ಚತೊಡಗಿದಾಗ ಕೆಲಸಗಾರರೇ ಸಹಕಾರಿ ಸಂಘಗಳನ್ನು ಮಾಡಿಕೊಂಡು ೧೯೫೭ರಿಂದ ಅವನ್ನು ನಡಿಸಿದರು. ಮೊದಲನೆಯ ಸಂಘವು ಬೆಂಗಳೂರಿನದು. ಬಡಿಸುವವನೇ ಒಡೆಯನಾದ ಈ ಪ್ರಯೋಗವನ್ನು ಕಾಫಿಯ ಚರಿತ್ರೆಯಲ್ಲಿ ಬಹು ಗೌರವದಿಂದ ಎಣಿಸಬೇಕು.

ಬೆಳಗಾವಿ ಸೀಮೆಯಲ್ಲಿ ಚಹ ಗೆದ್ದಿತು, ಕಾಫಿ ಸೋತಿತು. ತುಂಗಭದ್ರೆಯ ದಕ್ಷಿಣದಲ್ಲಿ ಬಂದವನಿಗೆ ‘ಕಾಫಿ ಆಯಿತೇ’ ಎಂದು ಕೇಳುವರು. ನಮ್ಮಲ್ಲಿ ‘ಚಹ ಆತೇನ್ರಿ’ ಎನ್ನುವರು. ಕಾಫಿಯನ್ನು ಈ ಕಡೆಗೆ ತಂದವರು ಉಡುಪಿಯ ಕಡೆಯ ಅಡಿಗೆಯವರು. ಇಡ್ಲಿ, ದೋಸೆಗಳನ್ನು ಊರೂರಿಗೆ ಹೊತ್ತು ಹೋದ ಈ ಸಾಹಸಿಗಳು ಮದ್ರಾಸು, ಮುಂಬಯಿಗಳಲ್ಲಿ ಊರಿದಂತೆ ನಮ್ಮ ಜಿಲ್ಲೆಯಲ್ಲಿಯೂ ಊರಿದರು. ಅವರ ಅಂಗಡಿಗಳಿಗೆ ನಮ್ಮವರು ಬಹುಕಾಲ ಫಳಾರದ ಅಂಗಡಿಗಳೆಂದೇ ಅನ್ನುತ್ತಿದ್ದರು. ಆದರೆ ಊಟಕ್ಕೆ ಇಲ್ಲಿಯವರು ಕಟ್ಟಿಕೊಂಡ ಮನೆ ಬೇರೆ, ಅದು ಖಾನಾವಳಿ. ಹೆಸರು ಮರಾಠಿಯಿಂದ ಬಂದದ್ದು, ಅಡಿಗೆ ಮಾತ್ರ ಅಪ್ಪಟ ಕನ್ನಡದ್ದು. ಒಲೆಯ ಮುಂದೆ ಕುಳಿತ ಹೆಣ್ಣುಮಗಳು ಪಟಪಟನೆ ತಟ್ಟುವ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಝುಣಕ, ಮೊಳಕೆ ಕಾಳು, ಗುರೆಳ್ಳು ಶೇಂಗಾಗಳ ಹಿಂಡಿ, ಗಟ್ಟಿ ಮೊಸರು. ಖಾನಾಪುರದ ಕಡೆಗೆ ಹೋದಂತೆ ಭತ್ತದ ಗದ್ದೆಗಳು ಹೆಚ್ಚುವವು, ತಟ್ಟೆಯಲ್ಲಿ ರೊಟ್ಟಿ ತಗ್ಗಿ ಅನ್ನವೇರುವದು. ಜಿಲ್ಲೆಯ ಭೂಗೋಲವನ್ನು ನಕಾಶೆಯಿಲ್ಲದೆ ತಿಳಿಯಬೇಕಾದವರು ಬೆಳಗಾವಿಯಲ್ಲೊಂದು, ಖಾನಾಪುರದಲ್ಲೊಂದು ಖಾನಾವಳಿಯಲ್ಲಿ ಉಂಡರೆ ಸಾಕು. ೧೯೧೬ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯೇ ಮೊದಲಾದ ಸಂಸ್ಥೆಗಳಿಂದ ಹಳ್ಳಿಯ ಹುಡುಗರು ಪಟ್ಟಣಕ್ಕೆ ಬಂದ ಹಾಗೆಲ್ಲ ಮಠದ ಪ್ರಸಾದನಿಲಯಗಳೊಡನೆ ಈ ಖಾನಾವಳಿಗಳೂ ಅವರ ಹೊಟ್ಟೆಯನ್ನು ಕಾಯ್ದವು. ವಿಯೆನ್ನಾದ ಕಾಫಿಮನೆಗೆ ನಮ್ಮಲ್ಲಿ ಜೋಡಿಯುಂಟೋ ಎಂದು ಕೇಳಿದರೆ ನಾವು ಉಡುಪಿಯವರ ಅಂಗಡಿಯನ್ನಲ್ಲ, ಈ ಖಾನಾವಳಿಯನ್ನೇ ತೋರಿಸುವೆವು.

ಹೀಗೆ ಕಾಸಿಗೆ ಅನ್ನವು ದೊರೆಯಿತು. ಆದರೆ ಎಲ್ಲರಿಗೂ ದೊರೆಯಿತೋ? ಇಲ್ಲಿ ನಮ್ಮ ಚರಿತ್ರೆಯು ತಲೆ ತಗ್ಗಿಸಬೇಕಾಗುವದು. ಬುತ್ತಿಯ ಕಾಲದ ಮರಗಳು ಉಪಾಹಾರಗೃಹದೊಳಗೆ ಗೋಡೆಗಳಾಗಿ ಬಂದು ನಿಂತವು. ಬ್ರಾಹ್ಮಣರಿಗೆ ಒಳಕೋಣೆ, ಉಳಿದವರಿಗೆ ಹೊರಗಿನ ಬಾಕು, ಅಸ್ಪೃಶ್ಯರೆಂದು ದೂರವಿಟ್ಟವರಿಗೆ ಅಂಗಳದಲ್ಲಿ ಬೇರೆ ಬಟ್ಟಲು, ಅದನ್ನೂ ಅವರೇ ತೊಳೆದಿಡತಕ್ಕದ್ದು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಇಂದು ಮಾವಳ್ಳಿ ಟಿಫಿನ್ ರೂಮ್ ಎಂದು ಜಗದ್ವಿಖ್ಯಾತವಾಗಿರುವ ಸಂಸ್ಥೆಯ ಮೊದಲಿನ ಹೆಸರು ‘ಬ್ರಾಹ್ಮಣ ಕಾಫಿ ಕ್ಲಬ್’ ಎಂದಿದ್ದಿತು. ಅದು ಆ ಮನೆಯವರ ವಿಶೇಷವಲ್ಲ, ಕಾಲದ ರೂಢಿ. ಅದೇ ೧೯೨೪ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸು ಕೂಡಿ, ಅಸ್ಪೃಶ್ಯತೆಯ ನಿವಾರಣೆಯ ಮಾತು ಗಟ್ಟಿಯಾಗಿ ಕೇಳಿಸಿತು. ನಾಲ್ಕು ತಿಂಗಳಿನೊಳಗೆ, ೧೯೨೫ರ ಎಪ್ರಿಲಿನಲ್ಲಿ, ಇದೇ ಜಿಲ್ಲೆಯ ನಿಪ್ಪಾಣಿಗೆ ಡಾಕ್ಟರ್ ಅಂಬೇಡಕರರು ಪರಿಷತ್ತಿಗಾಗಿ ಬಂದರು. ಸಭೆಯಿಂದ ಹೊರಬಿದ್ದ ಶ್ರೋತೃಗಳಲ್ಲಿ ಒಂದು ಬಟ್ಟಲು ಚಹವನ್ನು ಕುಳಿತು ಕುಡಿಯಲಾರದವರು ಎಷ್ಟು ಮಂದಿ ಇದ್ದಿರಬೇಕು!

ಕಾಯಿದೆಯು ಹೆಜ್ಜೆ ಹೆಜ್ಜೆಯಾಗಿ ಬಂದಿತು. ಮುಂಬಯಿ ಶಾಸನಸಭೆಯು ೧೯೨೩ರ ಆಗಸ್ಟಿನಲ್ಲಿ ಬೋಲೆಯವರ ಠರಾವನ್ನು ಒಪ್ಪಿ, ಸರಕಾರದ ಹಣದಿಂದ ನಡೆಯುವ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ದವಾಖಾನೆಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂದಿತು. ಖಾಸಗಿ ಅಂಗಡಿಯ ಚಹಕ್ಕೆ ಅದರಲ್ಲಿ ಸ್ಥಾನವಿರಲಿಲ್ಲ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯಘಟನೆಯು ಹದಿನೈದನೆಯ ಕಲಮಿನಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಟ್ಟು ಹೇಳಿತು. ಜಾತಿಯ ಕಾರಣದಿಂದ ಅಲ್ಲಿ ಯಾರನ್ನೂ ತಡೆಯಬಾರದು. ಒಂದು ದೊಡ್ಡ ದೇಶವು ತನ್ನ ಮೂಲಶಾಸನದಲ್ಲಿ ಚಹದ ಅಂಗಡಿಯ ಬಾಗಿಲನ್ನು ನೆನೆಯಬೇಕಾಯಿತೆಂದರೆ ಆ ಬಾಗಿಲು ಎಷ್ಟು ಭಾರವಾಗಿದ್ದಿತೆಂಬದನ್ನು ವಾಚಕರೇ ಊಹಿಸಬಹುದು. ತಡೆದವರಿಗೆ ಶಿಕ್ಷೆಯನ್ನು ವಿಧಿಸುವ ಕಾಯಿದೆಯು ಇಡೀ ದೇಶಕ್ಕೆ ೧೯೫೫ರಲ್ಲಿ ಆಯಿತು. ಮರುವರ್ಷ ನವಂಬರ ೧ಕ್ಕೆ ಬೆಳಗಾವಿ ಜಿಲ್ಲೆಯು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಚಹವನ್ನು ಮಾತ್ರ ಬಿಡಲಿಲ್ಲ. ಹಾಗೆಯೇ ಹಳ್ಳಿಗಳಲ್ಲಿ ಎರಡು ಬಟ್ಟಲಿನ ಪದ್ಧತಿಯೂ ಕಾಯಿದೆ ಬಂದ ಕೂಡಲೇ ಹೋಗಲಿಲ್ಲ. ಅದರ ಮೇಲೆ ದಶಕಗಳು ಕಳೆದರೂ ಕರ್ನಾಟಕದ ಅಲ್ಲಲ್ಲಿ ಅಂಗಡಿಯ ಸೂರಿನಲ್ಲಿ ಸಿಕ್ಕಿಸಿಟ್ಟ ಬೇರೆ ಲೋಟಗಳ ಸುದ್ದಿಯು ವೃತ್ತಪತ್ರಗಳಲ್ಲಿ ಬರುತ್ತಲೇ ಇದ್ದಿತು.

ಹಾಗಾದರೆ ವಿಯೆನ್ನಾ ನಮಗಿಂತ ಮೇಲೋ? ಈ ಪ್ರಶ್ನೆಗೆ ಅವಸರದಿಂದ ಉತ್ತರ ಕೊಡಬಾರದು. ಪ್ರಜಾಸತ್ತೆಯ ಕೂಟವೆಂದು ತ್ಸ್ವೈಗನು ಬಣ್ಣಿಸಿದ ಕಾಫಿಮನೆಯ ಬಾಗಿಲು ೧೯೩೮ರ ಮಾರ್ಚಿನಲ್ಲಿ ಹಿಟ್ಲರನ ಸೈನ್ಯವು ಒಳಹೊಕ್ಕ ಕೂಡಲೇ ಮುಚ್ಚಿತು, ಎಲ್ಲರಿಗಲ್ಲ, ಯಹೂದ್ಯರಿಗೆ. ಯಾವ ಮೇಜುಗಳ ಸುತ್ತಲೂ ಅವರ ಲೇಖಕರು, ವೈದ್ಯರು, ವಕೀಲರು ಮುಕ್ಕಾಲು ಶತಕ ಕುಳಿತಿದ್ದರೋ ಅಲ್ಲಿ ‘ಯಹೂದ್ಯರಿಗೆ ಪ್ರವೇಶವಿಲ್ಲ’ವೆಂಬ ಫಲಕಗಳು ತೂಗಿದವು. ಅವರ ಒಡೆತನದ ಕಾಫಿಮನೆಗಳನ್ನು ಕಸಿದುಕೊಂಡರು. ತಾನೂ ಯಹೂದ್ಯನೇ ಆಗಿದ್ದ ತ್ಸ್ವೈಗನು ಅಷ್ಟರಲ್ಲಿ ದೇಶವನ್ನು ಬಿಟ್ಟಿದ್ದನು; ಆ ನೆನಪುಗಳನ್ನು ಪರದೇಶದಲ್ಲಿದ್ದು ಬರೆದು ೧೯೪೨ರಲ್ಲಿ ಬ್ರಾಜಿಲ್ ದೇಶದಲ್ಲಿ ಪ್ರಾಣವನ್ನು ಕಳೆದುಕೊಂಡನು. ಎರಡುನೂರ ಐವತ್ತು ವರ್ಷ ಬೆಳೆದ ರೂಢಿಯು ಒಂದು ವಾರದಲ್ಲಿ ಮುರಿದುಬಿದ್ದಿತು. ಅಲ್ಲಿ ತೆರೆದದ್ದು ಮುಚ್ಚಿತು, ಇಲ್ಲಿ ಮುಚ್ಚಿದ್ದು ಮೆಲ್ಲಮೆಲ್ಲನೆ ತೆರೆಯಿತು; ಎರಡು ಕಡೆಗೂ ಕಾಫಿಯ ರುಚಿಗೂ ಇದಕ್ಕೂ ಸಂಬಂಧವಿರಲಿಲ್ಲ. ಆಸ್ಟ್ರಿಯಾದವರು ೨೦೧೧ರಲ್ಲಿ ವಿಯೆನ್ನಾದ ಕಾಫಿಮನೆಯ ಸಂಸ್ಕೃತಿಯನ್ನು ತಮ್ಮ ದೇಶದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿರುವರು. ಆ ಪರಂಪರೆಯನ್ನು ಹೇಳುವಾಗ ೧೯೩೮ನ್ನೂ ಬಿಡದೆ ಹೇಳತಕ್ಕದ್ದೆಂದು ನಮ್ಮ ಅಭಿಪ್ರಾಯ.

ಇಂದು ನಮ್ಮ ಪಟ್ಟಣಗಳಲ್ಲಿ ‘ಲಿಂಗಾಯತ ಖಾನಾವಳಿ’, ‘ಮರಾಠಾ ಖಾನಾವಳಿ’, ‘ಸಾವಜಿ’ ಎಂಬ ಫಲಕಗಳು ಇನ್ನೂ ಕಾಣುವವು. ಹೊಸಬರು ಇವನ್ನು ಕಂಡು ಹುಬ್ಬುಗಂಟಿಕ್ಕುವದುಂಟು. ಆದರೆ ಈ ಹೆಸರುಗಳು ಈಗ ಬಹುಮಟ್ಟಿಗೆ ಅಡಿಗೆಯನ್ನು ಸೂಚಿಸುವವೇ ಹೊರತು ಉಣ್ಣುವವನನ್ನಲ್ಲ: ಮೊದಲನೆಯದರಲ್ಲಿ ಶಾಕಾಹಾರ, ಉಳಿದವುಗಳಲ್ಲಿ ಖಾರದ ಮಾಂಸಾಹಾರ. ಒಳಗೆ ಬಂದವನ ಕುಲವನ್ನು ಕೇಳುವವರಿಲ್ಲ. ಫಲಕವು ಉಳಿದು ಅದರ ಅರ್ಥವು ತಿರುಗಿತು. ಹೀಗೆ ಶಬ್ದವು ತನ್ನ ವಿಷವನ್ನು ತಾನೇ ಕಳೆದುಕೊಳ್ಳುವದು ಅಪರೂಪವಾದ ಸಂಗತಿ. ಎಲ್ಲ ಕಡೆಗೂ ಹಾಗಾಗಿದೆಯೆಂದು ನಾವು ಹೇಳುವದಿಲ್ಲ.

ಇನ್ನು ರಾಯಣ್ಣನ ಸಮಾಧಿಗೆಂದು ನಂದಗಡಕ್ಕೆ ಹೋಗುವವರಿಗೆ ಒಂದೆರಡು ಮಾತು. ಬೆಳಗಾವಿಯಿಂದ ಹೊರಡುವ ಮೊದಲು ಅಲ್ಲಿಯ ಖಾನಾವಳಿಯೊಂದರಲ್ಲಿ ರೊಟ್ಟಿಯನ್ನು ಉಣ್ಣಬೇಕು. ಹಾಲನ್ನು ಕಾಯಿಸಿ ಕಾಯಿಸಿ ಕಂದುಬಣ್ಣಕ್ಕೆ ತಂದು ಮಾಡುವ ಕುಂದಾವನ್ನು ತಪ್ಪದೆ ಕೊಳ್ಳಬೇಕು. ಸುದೈವದಿಂದ ಯಾರದಾದರೂ ಮನೆಯ ಮದುವೆಗೆ ಕರೆ ಬಂದಿದ್ದರೆ ಕಾಗದಕ್ಕಿಂತ ತೆಳುವಾದ ಮಂಡಿಗೆಯೂ ದೊರೆತೀತು. ಹೆಂಚಿಗೂ ಕುಂಬಾರಿಕೆಗೂ ಹೆಸರಾದ ಖಾನಾಪುರವನ್ನು ದಾಟಿ ಮುಂದೆ ಹೋದರೆ ಗದ್ದೆಗಳ ಆಚೆಗೆ ಕಾಡು ಹತ್ತುವದು. ಆ ಹಾದಿಯಲ್ಲಿ ಒಳ್ಳೆಯ ಕಾಫಿಯನ್ನು ಬೇಡಿ ಹಟ ಮಾಡುವದು ಜಾಣತನವಲ್ಲ. ಚಹದ ಅಂಗಡಿಯ ಬಾಕಿನ ಮೇಲೆ ಕುಳಿತು ಒಂದು ಚಹವನ್ನು ಇಬ್ಬರಲ್ಲಿ ಹೇಳಿದರೆ ಸಾಕು. ಅರ್ಧವನ್ನು ಬಸಿಗೆ ಸುರಿದು, ಕಪ್ಪನ್ನು ಮಗ್ಗುಲಿನವನ ಕಡೆಗೆ ಸರಿಸಿ, ಬಸಿಯನ್ನು ತಾನೆತ್ತಿ ಊದಿ ಕುಡಿಯುವ ಪದ್ಧತಿಯು ನಮ್ಮ ಸೀಮೆಯದು. ಮಗ್ಗುಲಿನವನ ಹೆಸರು ಗೊತ್ತಿರಲೇಬೇಕೆಂದಿಲ್ಲ.